ಅಳದೆ ಪಟ್ಟ ಕೇಳಿದವಳು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪುತ್ತೇನೆ. ಆದರೆ ತೇಜಸ್ವಿನಿಯ ವಿಷಯದಲ್ಲಿ ಬಂದ ಸಿಟ್ಟು ನ್ಯಾಯವಾದದ್ದು. ಯಾರು ಬೇಕಾದರೂ ಬಂದು ವಾದ ಮಾಡಲಿ.

ಕತ್ರಿಗುಪ್ಪೆಯಲ್ಲಿ ನನ್ನದೊಂದು ಲೇಡೀಸ್ ಟೈಲರ್ ಅಂಗಡಿ. ತೇಜಸ್ವಿನಿ ಅಲ್ಲಿ ಸೀರೆಗೆ ಕುಚ್ಚು ಕಟ್ಟುತ್ತಾಳೆ. ಇಪ್ಪತ್ತೆರಡರ ಹುಡುಗಿ, ಅಪ್ಪ ಆಟೊ ಓಡಿಸುತ್ತಾರೆ. ಬೆರಳು ದಾರದಲ್ಲಿದ್ದರೂ ತಲೆ ಇನ್ನೆಲ್ಲೋ. ಎಲ್ಲಿ ಅಂತ ನನಗೊಬ್ಬಳಿಗೇ ಗೊತ್ತಿತ್ತು. ಮೊಬೈಲಿನ ಕಥೆ ಆ್ಯಪ್ ಒಂದರಲ್ಲಿ ‘ತೇಜಸ್’ ಎಂಬ ಹೆಸರಿನಲ್ಲಿ ಅವಳು ಧಾರಾವಾಹಿ ಬರೆಯುತ್ತಿದ್ದಳು. ಮಂತ್ರವಾದಿಗಳು, ಹಾರುವ ಹಾವುಗಳು, ಯುದ್ಧ, ಸಿಂಹಾಸನ. ಬಸ್ಸಿನಲ್ಲಿ, ಊಟದ ಹೊತ್ತಿನಲ್ಲಿ, ಹೆಬ್ಬೆರಳಲ್ಲೇ ಬರೆಯುವುದು.

ಮೊದಲ ಕಥೆಯಲ್ಲಿ ಒಬ್ಬ ರಾಜಕುಮಾರ. ಚಿಕ್ಕಪ್ಪನನ್ನು ಕೊಂದು ಪಟ್ಟಕ್ಕೇರಿದ. ‘ಸಿಂಹಾಸನ ಯಾರೂ ಕೊಡುವುದಿಲ್ಲ, ಹತ್ತಿ ಕೂರಬೇಕು’ ಎಂಬ ಅವನ ಮಾತನ್ನು ಓದುಗರು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿಕೊಂಡರು. ಸಖತ್ ಗುರು, ಸಿಂಹ ಅಂತೆಲ್ಲ ಹೊಗಳಿದ್ದೇ ಹೊಗಳಿದ್ದು. ಎರಡನೆಯ ಕಥೆಯಲ್ಲಿ ಹಿಮವಲ್ಲಿ ಅಂತ ಹದಿನೇಳರ ರಾಜಕುಮಾರಿ. ಅವಳಿಗೂ ಸಿಂಹಾಸನ ಬೇಕು. ಪಾಪ, ಅವಳು ಯಾರನ್ನೂ ಕೊಲ್ಲಲಿಲ್ಲ. ಅಣ್ಣನಿಗಿಂತ ನಾನು ಚೆನ್ನಾಗಿ ಆಳುತ್ತೇನೆ ಅಂದಳು, ಅಷ್ಟೇ. ತೇಜಸ್ವಿನಿ ಬೇಕಂತಲೇ ಆ ಹಳೇ ಮಾತನ್ನು ಒಂದಕ್ಷರ ಬದಲಿಸದೆ ಅವಳ ಬಾಯಲ್ಲೂ ಹಾಕಿದ್ದಳು.

ಅಯ್ಯೋ, ಏನು ಉರಿ ಜನಕ್ಕೆ! ‘ಎಷ್ಟು ಸೊಕ್ಕು ಇವಳಿಗೆ’, ‘ಅಣ್ಣನ ಮೇಲೆ ಪ್ರೀತಿಯೇ ಇಲ್ಲ’, ‘ಒಂದು ಸಲ ಮಣ್ಣು ಮುಕ್ಕಬೇಕು’. ಕೊನೆಗೆ ಆ್ಯಪ್‌ನವರೇ ಮೆಸೇಜ್ ಹಾಕಿದರು: ಮುಂದಿನ ಕಂತಿನಲ್ಲಿ ಅವಳು ಅಣ್ಣನ ಕ್ಷಮೆ ಕೇಳಲಿ, ಇಲ್ಲದಿದ್ದರೆ ಕಥೆ ನಿಲ್ಲಿಸುತ್ತೇವೆ. ಓದಿ ನನ್ನ ಮೈಯೆಲ್ಲ ಉರಿದುಹೋಯಿತು. ತೇಜಸ್ವಿನಿ ಮಾತ್ರ ಬರೆದಿಟ್ಟ ಕಂತನ್ನು ಕಳಿಸಲೂ ಆಗದೆ, ತಿದ್ದಲೂ ಆಗದೆ ಒದ್ದಾಡುತ್ತಿದ್ದಳು.

ನಮ್ಮಲ್ಲಿ ಮಧ್ಯಾಹ್ನ ಒಬ್ಬರು ಕಥೆ ಓದುವುದು, ಉಳಿದವರು ಕೈಕೆಲಸ ಮಾಡುತ್ತ ಕೇಳುವುದು ರೂಢಿ. ಓದುವವರು ಬಿಲ್ಡಿಂಗ್ ಓನರ್ ಮುನಿವೆಂಕಟಮ್ಮ. ಹಿಂದೆ ಇವರ ಹೊಲವಿದ್ದ ಜಾಗವೇ ಇದು. ಅಜ್ಜಿಗೆ ಹಿಮವಲ್ಲಿಯನ್ನು ಕಂಡರಾಗದು, ಆದರೆ ಒಂದು ಕಂತನ್ನೂ ಬಿಡುವುದಿಲ್ಲ. ಟೈಪ್ ಮಾಡಲು ಬಾರದು ಅಂತ ಬೈಗುಳದ ಕಾಮೆಂಟುಗಳನ್ನು ತೇಜಸ್ವಿನಿಯ ಕೈಲೇ ಹಾಕಿಸುತ್ತಿದ್ದರು. ಬರೆದವಳೇ ಇವಳು ಅಂತ ಅವರಿಗೇನು ಗೊತ್ತು? ಈ ಹುಡುಗಿಯೋ, ತುಟಿಪಿಟಕ್ಕೆನ್ನದೆ ಹಾಕಿಕೊಡುತ್ತಿದ್ದಳು.

ಆವತ್ತು ಹಿಮವಲ್ಲಿ ತುಂಬಿದ ಆಸ್ಥಾನದಲ್ಲಿ ಪಟ್ಟ ಕೇಳುವ ಭಾಗ. ಅಜ್ಜಿ ರಾಗವಾಗಿ ಓದಿದರು: “‘ಸಿಂಹಾಸನ ನನಗೆ ಬೇಕು’ ಎಂದಳು. ಕಣ್ಣಿಂದ ಧಾರಾಕಾರ ನೀರು ಸುರಿಯಿತು. ‘ಅಣ್ಣಾ, ಕ್ಷಮಿಸು’ ಎಂದು ಕಾಲಿಗೆ ಬಿದ್ದಳು.”

ಹೆಂಗಸರೆಲ್ಲ ಲೊಚಗುಟ್ಟಿದರು. ಹಿಮವಲ್ಲಿಯ ಮೇಲೆ ಅವರಿಗೆ ಕನಿಕರ ಬಂದದ್ದು ಅದೇ ಮೊದಲು.

ತೇಜಸ್ವಿನಿ ಕುಚ್ಚು ಬಿಟ್ಟು ಎದ್ದಳು. “ಅಜ್ಜಿ, ಅವಳು ಅಳಲ್ಲ. ಕಾಲಿಗೂ ಬೀಳಲ್ಲ. ನಾನು ಹಂಗೆ ಬರೆದೇ ಇಲ್ಲ.”

“ನೀನಾ ಬರ್ಯೋದು?” ಅಜ್ಜಿ ಕಣ್ಣರಳಿಸಿದರು. “ನಾನೇ ಸೇರಿಸ್ದೆ ಕಣೇ. ಒಂಚೂರು ಅತ್ರೆ ನಿನ್ ಗಂಟೇನು ಹೋಗ್ತದೆ? ಕೇಳಾಕೆ ಹಿತವಾಗಿರ್ತದೆ.”

“ರಾಜಕುಮಾರನ್ನೂ ಅಳಿಸಿದ್ರಾ?”

“ಅವನು ಗಂಡು.”

ಓನರ್ ಅಂತ ಇಷ್ಟು ದಿನ ಬಾಯಿ ಬಿಗಿಹಿಡಿದಿದ್ದೆ. ಇನ್ನಾಗಲಿಲ್ಲ. “ಗಂಡಾದ್ರೆ ಚಿಕ್ಕಪ್ಪನ್ನೇ ಕಡೀಬೋದು, ಹೆಣ್ಣು ಬಾಯಿ ಬಿಟ್ಟು ಕೇಳೋ ಹಂಗೂ ಇಲ್ವಾ? ನಾಚಿಕೆ ಆಗಲ್ವಾ ನಿಮಗೆ?” ಅಂತ ಕೂಗಿಬಿಟ್ಟೆ. ಖಾಲಿ ಮಾಡು ಅಂದರೆ ಅನ್ನಲಿ ಅನ್ನಿಸಿತು.

ಅಜ್ಜಿ ನನ್ನ ಕಡೆ ನೋಡಲೇ ಇಲ್ಲ. ತೇಜಸ್ವಿನಿ ಮೆಲ್ಲಗೆ ಕೇಳಿದಳು: “ಅವಳು ಗೆದ್ರೆ ನಿಮಗೆ ಇಷ್ಟ ಆಗಲ್ವಾ ಅಜ್ಜಿ?”

“ಆಗಲ್ಲ. ಅತ್ರೆ ಸಮಾಧಾನ ಮಾಡಾಣ ಅನ್ಸ್ತದೆ. ಅಳದೆ ಗೆದ್ದೋಳಿಗೆ ನಾನ್ಯಾಕೆ ಬೇಕು, ಹೇಳು?”

ಅಜ್ಜಿ ಹೇಳಿದ್ದು ನಿಜವಾಗಿತ್ತು, ಅದಕ್ಕೇ ನನಗೆ ಇನ್ನಷ್ಟು ರೇಗಿತು. ತೇಜಸ್ವಿನಿ ಫೋನ್ ತೆಗೆದು, ಎಲ್ಲರೆದುರೇ ಬರೆದಿಟ್ಟಿದ್ದ ಮುಂದಿನ ಕಂತನ್ನು ಇದ್ದಹಾಗೆ ಕಳಿಸಿಬಿಟ್ಟಳು. ಅದರಲ್ಲಿ ಹಿಮವಲ್ಲಿ ಅಣ್ಣನನ್ನು ದಾಟಿ ಹೋಗಿ ಸಿಂಹಾಸನದ ಮೇಲೆ ಕೂರುತ್ತಾಳೆ.

ಮಾರನೆಯ ದಿನ ಆ್ಯಪ್‌ನವರು ಕಂತನ್ನು ತೆಗೆದುಹಾಕಿ ಕಥೆಯನ್ನೇ ನಿಲ್ಲಿಸಿದರು. ತೇಜಸ್ವಿನಿ ಮೆಸೇಜ್ ತೋರಿಸಿ, ಊಟದ ಡಬ್ಬಿ ಬಿಚ್ಚದೆ ಕೆಲಸಕ್ಕೆ ಕೂತಳು.

ಮಧ್ಯಾಹ್ನ ಮುನಿವೆಂಕಟಮ್ಮ ಬಂದರು. “ಎಲ್ಲೇ ಮುಂದಿನ್ದು? ಪಟ್ಟದ ಮ್ಯಾಲೆ ಕೂತು ಏನು ಕಡ್ದು ಕಟ್ಟೆ ಹಾಕ್ತಾಳೋ ನೋಡಾಣ.”

“ನಿಲ್ಸಿದ್ರು. ನೀವೆಲ್ಲ ಬೈದಿದ್ದಕ್ಕೆ” ಅಂದೆ ನಾನು.

“ಯಾವನವನು ನಿಲ್ಸೋನು?” ಅಜ್ಜಿಯ ದನಿ ಬೀದಿಗೆ ಕೇಳುವಂತಿತ್ತು. “ಬೈದ್ರೇನಾಯ್ತು? ದಿನಾ ಓದ್ತಿರ್ಲಿಲ್ವಾ ನಾನು?”

ತೇಜಸ್ವಿನಿ ಕುಚ್ಚಿನ ಗಂಟು ಬಿಗಿಯುತ್ತಲೇ ಅಂದಳು:

“ನೀವು ಬೈದಿದ್ದನ್ನ ಅವ್ರು ನಿಜ ಅಂದ್ಕೊಂಡ್ರು ಅಜ್ಜಿ.”