ಓಣಿಯ ಮೇಲೆ ನಾನು ಅಂಟಿಸಿದ ಹಸಿರು ಚುಕ್ಕಿ

ಮೂರು ವರ್ಷಗಳ ಹಿಂದಿನ ಮಾತು. ಯುಗಾದಿ ಕಳೆದ ಮರುವಾರ ನಮ್ಮ ಮನೆಯ ಬಾಗಿಲಿಗೆ ಕೌನ್ಸಿಲ್‌ನಿಂದ, ಅಂದರೆ ಇಲ್ಲಿನ ನಗರಸಭೆಯಿಂದ, ಒಬ್ಬಳು ಹುಡುಗಿ ಬಂದಳು. ಹೆಸರು ಕ್ಲೇರ್. ಕುತ್ತಿಗೆಗೆ ಗುರುತಿನ ಚೀಟಿ, ಬಗಲಲ್ಲಿ ಸುರುಳಿ ಸುತ್ತಿದ ನಕ್ಷೆ. ನಾವಿರುವುದು ಲಂಡನ್ನಿನ ಕೆಂಟನ್‌ನಲ್ಲಿ. ನಮ್ಮ ಮನೆಯ ಹಿಂದೆ ಸಾಲಾಗಿ ಹಳೆಯ ಗ್ಯಾರೇಜುಗಳಿದ್ದವು. ಅಲ್ಲಿ ಯಾರೂ ಕಾರು ಇಡುತ್ತಿರಲಿಲ್ಲ, ಮುರಿದ ಸೋಫಾ, ತುಕ್ಕು ಹಿಡಿದ ಸೈಕಲ್ಲು ಬಿದ್ದಿರುತ್ತಿದ್ದವು. ಅವನ್ನು ಕೆಡವಿ ಹತ್ತು ಮನೆ ಕಟ್ಟುವುದು, ಜೊತೆಗೆ ಸುತ್ತಲಿನ ಬೀದಿಯನ್ನೂ ಸರಿಮಾಡುವುದು ಕೌನ್ಸಿಲ್‌ನವರ ಯೋಚನೆ.

“ಇಲ್ಲಿ ಇರೋರು ನೀವು. ನಿಮ್ಮನ್ನ ಕೇಳದೆ ನಾವು ಗೆರೆ ಎಳೆಯಬಾರದು, ಅದಕ್ಕೇ ಬಂದೆ” ಎಂದಳು. ನನಗೆ ಒಳಗೊಳಗೇ ನಗು ಬಂತು. ಐವತ್ತು ವರ್ಷದ ಬದುಕಿನಲ್ಲಿ ದಾರಿ ಎಲ್ಲಿರಬೇಕು ಎಂದು ಸರಕಾರದ ಕಡೆಯವರು ನನ್ನನ್ನು ಕೇಳಿದ್ದು ಅದೇ ಮೊದಲು.

ನಾನು ಕುಂದಾಪುರದವಳು. ನಮ್ಮ ಯಜಮಾನರು ಇಲ್ಲಿ ಒಂದು ಹೋಟೆಲಿನಲ್ಲಿ ಅಡುಗೆ ಮಾಡುತ್ತಾರೆ, ನಾನು ಒಂದು ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸುತ್ತೇನೆ. ಹದಿನೇಳು ವರ್ಷದಲ್ಲಿ ಇಂಗ್ಲಿಷ್ ಮಾತು ಸಾಕಷ್ಟು ಬಂದಿದೆ. ಬಾರದೇ ಹೋದದ್ದು ಎದುರಿಗಿದ್ದವರಿಗೆ ಬೇಡ ಎನ್ನುವುದು. ಮನೆ ಬಾಗಿಲಿಗೆ ಬಂದವರ ಮನಸ್ಸು ನೋಯಿಸಬಾರದು ಎಂದು ಕೇಳಿಕೊಂಡೇ ಬೆಳೆದವಳು ನಾನು.

ಎರಡು ವಾರದ ಮೇಲೆ ಹತ್ತಿರದ ಚರ್ಚಿನ ಹಾಲ್‌ನಲ್ಲಿ ಕ್ಲೇರ್ ಸಭೆ ಕರೆದಳು. ಗೋಡೆಯ ಮೇಲೆ ಬಾಗಿಲಷ್ಟು ಎತ್ತರದ ನಕ್ಷೆ. ಮನೆ, ಮರ, ಬೆಂಚು, ಎಲ್ಲವನ್ನೂ ಕೈಯಲ್ಲೇ ಬಣ್ಣ ಹಾಕಿ ಬರೆದಿದ್ದಳು. ಬಂದವರಿಗೆಲ್ಲ ಅಂಟು ಚುಕ್ಕಿಗಳ ಹಾಳೆ ಕೊಟ್ಟಳು. ಇಷ್ಟವಾದ ಕಡೆ ಹಸಿರು, ಆಗದ ಕಡೆ ಕೆಂಪು ಅಂಟಿಸಬೇಕು. ಕೊಟ್ಟು, ಪಕ್ಕದಲ್ಲೇ ನಗುತ್ತಾ ನಿಂತಳು. ಕಣ್ಣ ಕೆಳಗೆ ಕಪ್ಪಾಗಿತ್ತು, ಪಾಪ, ಎಷ್ಟು ದಿನ ಕೂತು ಬರೆದಿದ್ದಳೋ. ಅವಳೆದುರಿಗೇ ಅದರ ಮೇಲೆ ಕೆಂಪು ಅಂಟಿಸುವುದೆಂದರೆ ಬಡಿಸಿದವರ ಮುಂದೆಯೇ ಎಲೆ ಸರಿಸಿದ ಹಾಗೆ ಎನಿಸಿತು. ನಾನು ಹಸಿರು ಅಂಟಿಸಿದೆ. ಬೆಂಚಿನ ಮೇಲೆ ಒಂದು, ಮರದ ಮೇಲೆ ಒಂದು, ಎಲ್ಲಿ ಜಾಗ ಕಂಡಿತೋ ಅಲ್ಲಿ ಒಂದೊಂದು. ಪಕ್ಕದ ಮನೆಯ ಗುಜರಾತಿ ಹೆಂಗಸು ಹಂಸಾಬೆನ್ ಕೆಂಪು ಚುಕ್ಕಿಯನ್ನು ಬೆರಳಿಗೆ ತೆಗೆದುಕೊಂಡಾಗ ಅವರ ಕೈ ಹಿಡಿದು, “ಬೇಡ ಬೆನ್, ಹುಡುಗಿ ಬೇಜಾರು ಮಾಡ್ಕೋತಾಳೆ, ಹಸಿರೇ ಹಾಕಿ” ಎಂದೆ. ಅವರೂ ನಮ್ಮಂಥವರೇ ತಾನೆ, ತಲೆಯಾಡಿಸಿ ಹಸಿರು ಹಾಕಿದರು. ಅವರನ್ನು ನೋಡಿ ಇನ್ನೂ ನಾಲ್ಕಾರು ಮಂದಿ ಹಾಗೇ ಮಾಡಿದರು. ಒಳ್ಳೆಯ ಕೆಲಸ ಮಾಡಿದೆ ಎಂಬ ಹೆಮ್ಮೆಯಲ್ಲಿ ಮನೆಗೆ ಬಂದು ಅನ್ನಕ್ಕಿಟ್ಟೆ.

ಆರು ವಾರ ಕಳೆದ ಮೇಲೆ ಎದುರು ಮನೆಯ ಡೋರೀನ್ ಕೈಯಲ್ಲಿ ಕೌನ್ಸಿಲ್‌ನ ಕಾಗದ ಹಿಡಿದು ನಮ್ಮ ಗೇಟಿನ ಹತ್ತಿರ ಬಂದರು. ಎಪ್ಪತ್ತೆಂಟು ವರ್ಷದ ಹೆಂಗಸು, ಗಂಡ ತೀರಿಕೊಂಡಿದ್ದಾರೆ, ಸೊಂಟದ ಆಪರೇಷನ್ ಆದ ಮೇಲೆ ನಡೆಯಲಾರರು. ಓಡಾಟವೆಲ್ಲ ಬ್ಯಾಟರಿಯ ನಾಲ್ಕು ಗಾಲಿಯ ಸ್ಕೂಟರ್‌ನಲ್ಲಿ. ಗ್ಯಾರೇಜುಗಳ ಪಕ್ಕದಲ್ಲಿ ಒಂದು ಕಿರಿದಾದ ಓಣಿ ಇತ್ತು. ಅದರಲ್ಲಿ ಹೋದರೆ ಐದು ನಿಮಿಷದಲ್ಲಿ ಡಾಕ್ಟರ ಕ್ಲಿನಿಕ್ಕು, ಔಷಧಿ ಅಂಗಡಿ, ತರಕಾರಿ ಅಂಗಡಿ. ಯಾರ ಸಹಾಯವೂ ಇಲ್ಲದೆ ಡೋರೀನ್ ಹೋಗಿಬರುತ್ತಿದ್ದುದು ಆ ದಾರಿಯಲ್ಲಿ ಮಾತ್ರ.

“ಓಣಿ ಮುಚ್ತಾರಂತೆ. ಕೊನೇ ಮನೆ ಅದರ ಮೇಲೇ ಬರುತ್ತಂತೆ. ಇಲ್ಲಿರೋರಲ್ಲಿ ಹೆಚ್ಚಿನವರು ಒಪ್ಪಿದಾರೆ ಅಂತ ಬರೆದಿದೆ” ಎಂದರು. ಆಮೇಲೆ ಸ್ವಲ್ಪ ತಡೆದು, “ಸಭೆ ಆದ ದಿನ ನಾನು ಆಸ್ಪತ್ರೇಲಿದ್ದೆ. ನೀನು ಹೋಗಿದ್ದೆ ಅಲ್ವಾ? ಯಾರು ಒಪ್ಪಿದ್ದು?” ಎಂದು ಕೇಳಿದರು.

“ನೋಡ್ತೀನಿ” ಎಂದಷ್ಟೇ ಹೇಳಿ ಒಳಗೆ ಬಂದೆ. ನಮ್ಮ ಮನೆಗೂ ಬಂದಿದ್ದ ಅದೇ ಕಾಗದದ ಜೊತೆ ಆ ನಕ್ಷೆಯ ಫೋಟೋ ಇತ್ತು. ಓಣಿ ಇದ್ದ ಜಾಗದಲ್ಲಿ ಮನೆಯ ಚಿತ್ರ, ಅದರ ಮೇಲೆ ಸಾಲಾಗಿ ಹಸಿರು ಚುಕ್ಕಿ. ಅಲ್ಲಿ ಏನು ಬರೆದಿದೆ ಎಂದು ನಾನು ಓದಿಯೂ ಇರಲಿಲ್ಲ. ಮಗಳು ಫೋಟೋ ನೋಡಿ, “ಅಮ್ಮಾ, ಡಿಡ್ ಯು ಈವನ್ ಲುಕ್?” ಎಂದಳು. ಯಜಮಾನರು ಊಟ ಮಾಡುತ್ತಿದ್ದವರು ತಲೆಯೆತ್ತಿ, “ಎಂತ ಮಾರಾಯ್ತಿ, ಕಾಣ್ದೇ ಅಂಟ್ಸಿದ್ಯಾ?” ಎಂದು ಕೇಳಿದರು.

“ಆ ಹುಡ್ಗಿ ಪಾಪ ಅಷ್ಟ್ ಕಷ್ಟಪಟ್ ಬರ್ದಿತ್ತ್ ಅಂದೇಳಿ...”

“ಈಗ ಪಾಪ ಯಾರ್? ಆ ಅಜ್ಜಿ. ನಾಳೆ ಆ ಹುಡ್ಗಿ ಹತ್ರ ಹೋಯಿ ತಪ್ಪಾಯ್ತ್ ಅಂದ್ ಹೇಳಿ ಬಾ.”

ಮರುದಿನ ಗುರುವಾರ. ಪ್ರತಿ ಗುರುವಾರ ಮಧ್ಯಾಹ್ನ ಕ್ಲೇರ್ ಜನರ ಮಾತು ಕೇಳಲು ಲೈಬ್ರರಿಯಲ್ಲಿ ಕೂರುತ್ತಿದ್ದಳು. ಶಾಲೆಯ ಕೆಲಸ ಮುಗಿಸಿ ಬಸ್ಸಿನಲ್ಲಿ ಮಾತು ಜೋಡಿಸಿಕೊಳ್ಳುತ್ತಾ ಹೋದೆ. ಹೋಗಿ ಮಾಡಿದ್ದೇನು? ಅವಳು ಎದ್ದು ನಿಂತು ಕುರ್ಚಿ ಕೊಟ್ಟ ಕೂಡಲೇ, “ನಿನ್ನ ನಕ್ಷೆ ತುಂಬಾ ಚೆನ್ನಾಗಿದೆ” ಎಂದೆ. ಅವಳು ಥ್ಯಾಂಕ್ಸ್ ಹೇಳಿದಳು. ನಾನು ಬ್ಯಾಗು ಎತ್ತಿಕೊಂಡು ಹೊರಟೆ. ಬಾಗಿಲವರೆಗೆ ಹೋದವಳಿಗೆ ನನ್ನ ಮೇಲೇ ಕೆಟ್ಟ ಸಿಟ್ಟು ಬಂತು. ಹಿಂದಿರುಗಿ ಬಂದು, ಕುಳಿತುಕೊಳ್ಳದೆ, ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ. ಚುಕ್ಕಿ ಅಂಟಿಸಿದ್ದು ಓದದೆ, ಹಂಸಾಬೆನ್ ಕೈ ಹಿಡಿದದ್ದೂ ನಾನೇ, ಓಣಿ ಮುಚ್ಚಿದರೆ ಡೋರೀನ್ ಮನೆಯಲ್ಲೇ ಉಳಿಯಬೇಕಾಗುತ್ತದೆ ಎಂದೆಲ್ಲ.

ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಪೆನ್ನು ಕೆಳಗಿಟ್ಟಳು. “ತಪ್ಪು ನಂದು. ಬರೆದವಳೇ ಪಕ್ಕದಲ್ಲಿ ನಿಂತು ಹೇಗಿದೆ ಅಂತ ಕೇಳಿದ್ರೆ ಯಾರು ತಾನೇ ಚೆನ್ನಾಗಿಲ್ಲ ಅಂತಾರೆ? ಆ ವರದಿ ವಾಪಸ್ ತಗೋತೀನಿ” ಎಂದಳು. ಮೇಲಿನವರಿಗೆ ಅವಳು ಇದನ್ನು ಹೇಗೆ ಹೇಳಿದಳೋ, ಎಷ್ಟು ಮಾತು ಕೇಳಿಸಿಕೊಂಡಳೋ ನನಗೆ ಗೊತ್ತಿಲ್ಲ. ಆದರೆ ನುಡಿದಂತೆ ಮಾಡಿದಳು. ತಪ್ಪು ತನ್ನದೆಂದು ಒಪ್ಪಿಕೊಳ್ಳುವ ಅಧಿಕಾರಿಯನ್ನು ಎರಡೂ ದೇಶದಲ್ಲಿ ನಾನು ಕಂಡದ್ದು ಅವಳೊಬ್ಬಳನ್ನೇ.

“ಹಾಗಾದ್ರೆ ಹೇಗೆ ಕೇಳಲಿ?” ಎಂದಳು. ಆಗ ನಾನು ನನ್ನ ಅಪ್ಪನ ವಿಷಯ ಹೇಳಿದೆ. ಅಪ್ಪ ಮೇಸ್ತ್ರಿ. ಪಾಯ ತೋಡುವ ಮೊದಲು ಗೂಟ ಹೊಡೆದು, ಹಗ್ಗ ಕಟ್ಟಿ, ಗೋಡೆ ಬರುವಲ್ಲೆಲ್ಲ ಸುಣ್ಣದ ಪುಡಿಯಲ್ಲಿ ಗುರುತು ಹಾಕುತ್ತಿದ್ದರು. ಆಮೇಲೆ ಆ ಮನೆಯ ಹೆಂಗಸನ್ನು ಕರೆದು, ಬಾವಿಯಿಂದ ಒಂದು ಕೊಡ ನೀರು ತಂದು ಒಲೆ ಬರುವ ಜಾಗದಲ್ಲಿ ಇಡಲು ಹೇಳುತ್ತಿದ್ದರು. ಹೇಗಿದೆ ಎಂದು ಒಂದು ದಿನವೂ ಕೇಳಿದವರಲ್ಲ. ಅವಳು ಎಲ್ಲಿ ತಡೆದು ನಿಲ್ಲುತ್ತಾಳೆ ಎಂದು ನೋಡುತ್ತಿದ್ದರು. ನಿಂತಲ್ಲಿ ಬಾಗಿಲಿನ ಜಾಗ ಬದಲಾಗುತ್ತಿತ್ತು. ಕ್ಲೇರ್ ಅದನ್ನು ಇನ್ನೊಮ್ಮೆ ಹೇಳಿಸಿ ಬರೆದುಕೊಂಡಳು.

ಮುಂದಿನ ತಿಂಗಳ ಒಂದು ಶನಿವಾರ ಬೆಳಿಗ್ಗೆ ಹಗ್ಗದ ಉಂಡೆ, ಆಟದ ಮೈದಾನಕ್ಕೆ ಗೆರೆ ಹಾಕುವ ಬಿಳಿ ಬಣ್ಣ ತೆಗೆದುಕೊಂಡು ಗ್ಯಾರೇಜಿನ ಅಂಗಳಕ್ಕೆ ಬಂದಳು. ಕಾಂಕ್ರೀಟಿಗೆ ಗೂಟ ಇಳಿಯುವುದಿಲ್ಲವಲ್ಲ, ಇಟ್ಟಿಗೆಗಳಿಗೆ ಹಗ್ಗ ಕಟ್ಟಿದೆವು. ಗ್ಯಾರೇಜು ಇದ್ದಲ್ಲಿ ಅವುಗಳ ಬಾಗಿಲ ಮೇಲೆಯೇ ಗುರುತು ಹಾಕಿದೆವು. ಮಧ್ಯಾಹ್ನದ ಹೊತ್ತಿಗೆ ಹೊಸ ಮನೆಗಳು ಎಷ್ಟು ದೂರ ಬರುತ್ತವೆ ಎಂಬುದು ಎಲ್ಲರಿಗೂ ಕಾಣುವಂತಾಯಿತು. “ಯಾರೂ ನನಗೇನೂ ಹೇಳಬೇಡಿ. ದಿನಾ ಹೋಗೋ ಕಡೆ ಹೋಗಿ, ಸಾಕು” ಎಂದಳು ಕ್ಲೇರ್.

ಹಂಸಾಬೆನ್ ತರಕಾರಿ ಟ್ರಾಲಿ ಎಳೆದುಕೊಂಡು ಹೋದರು. ಆಮೇಲೆ ಡೋರೀನ್ ಸ್ಕೂಟರ್‌ನಲ್ಲಿ ಬಂದರು. ಓಣಿಯ ಬಾಯಿಗೆ ಬಂದಾಗ ಮುಂದೆ ಬಿಳಿ ಗೆರೆ, ಅದು ಕೊನೆಯ ಮನೆಯ ಗೋಡೆ. ಡೋರೀನ್ ನಿಲ್ಲಿಸಿದರು. ಕೈಯನ್ನು ಹ್ಯಾಂಡಲ್ ಮೇಲಿಟ್ಟು ಗೆರೆಯಾಚೆಗಿನ ದಾರಿ ನೋಡುತ್ತಾ ಕುಳಿತರು. ನನಗೆ ಅಳು ತಡೆಯಲಾಗಲಿಲ್ಲ, ಸೆರಗಿಲ್ಲದ ಬಟ್ಟೆಯಲ್ಲಿ ಮುಖ ಮುಚ್ಚಿಕೊಳ್ಳುವುದೂ ಕಷ್ಟ, ಕೋಟಿನ ತೋಳಿನಲ್ಲಿ ಒರೆಸಿಕೊಂಡೆ. ಕ್ಲೇರ್ ಮೊಣಕಾಲೂರಿ ಕುಳಿತು ಮುಂದಿನ ಗಾಲಿ ನಿಂತ ಜಾಗಕ್ಕೆ ಗುರುತು ಹಾಕಿದಳು.

ಅಷ್ಟಕ್ಕೇ ಬಿಡಲಿಲ್ಲ. “ಒಂದು ಸಲ ನಾನು ಕೂರಲಾ?” ಎಂದು ಡೋರೀನ್‌ರನ್ನು ಕೇಳಿ, ಅವರನ್ನು ಕುರ್ಚಿಯಲ್ಲಿ ಕೂರಿಸಿ, ಸ್ಕೂಟರ್ ಹತ್ತಿ ಮುಖ್ಯರಸ್ತೆಯನ್ನು ಸುತ್ತಿಕೊಂಡು ಕ್ಲಿನಿಕ್ಕಿಗೆ ಹೊರಟಳು. ಓಣಿ ಮುಚ್ಚಿದರೆ ಉಳಿಯುವುದು ಅದೊಂದೇ ದಾರಿ. ತಿರುಗಿ ಬರಲು ಮುಕ್ಕಾಲು ಗಂಟೆ ಆಯಿತು. ಮುಖವೆಲ್ಲ ಕೆಂಪಾಗಿತ್ತು. “ಫುಟ್‌ಪಾತ್ ಎತ್ತರ, ಎರಡು ಕಡೆ ಇಳಿದು ತಳ್ಳಬೇಕಾಯ್ತು” ಎಂದಳು. ಇಳಿದು ತಳ್ಳುವುದು ಡೋರೀನ್‌ರಿಂದ ಆಗದ ಕೆಲಸ, ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಓಣಿ ಉಳಿಸಬೇಕಾದರೆ ಮನೆಗಳ ಸಾಲನ್ನು ಈಚೆಗೆ ಸರಿಸಬೇಕು. ಹಗ್ಗವನ್ನು ಸರಿಸುತ್ತಾ ಸರಿಸುತ್ತಾ ಬಂದು ನಿಂತದ್ದು ನಮ್ಮ ಹಿತ್ತಲ ಬೇಲಿಯ ಹತ್ತಿರ. ಕ್ಲೇರ್ ನನ್ನ ಜೊತೆ ನಮ್ಮ ಅಡುಗೆಮನೆಗೆ ಬಂದಳು. ಹೊರಗೆ ಯಜಮಾನರು ಹೊಸ ಮನೆಯ ಹೆಂಚಿನ ಮಾಡು ಬರುವ ಎತ್ತರಕ್ಕೆ ಒಂದು ಉದ್ದನೆಯ ಕೋಲು ಹಿಡಿದು ನಿಂತರು. ನಾನು ದಿನದಂತೆ ಸಿಂಕಿನ ಮುಂದೆ ನಿಂತು ಪಾತ್ರೆ ತೊಳೆಯತೊಡಗಿದೆ. ಕಿಟಕಿಯಲ್ಲಿ ನನಗೆ ಕಾಣುತ್ತಿದ್ದ ಆಕಾಶವೆಲ್ಲ ಆ ಕೋಲಿನ ತುದಿಯ ಕೆಳಗೆ ಹೋಗಿತ್ತು. ಈ ದೇಶದಲ್ಲಿ ಬಿಸಿಲೆಂದರೆ ಏನೆಂದು ಇಲ್ಲಿ ಚಳಿಗಾಲ ಕಳೆದವರಿಗೇ ಗೊತ್ತು. ನನ್ನ ಕೈ ಪಾತ್ರೆಯ ಮೇಲೇ ನಿಂತಿತು.

ಕ್ಲೇರ್ ಕೇಳಲಿಲ್ಲ, ಕಾದಳು.

“ಕತ್ತಲಾಗುತ್ತೆ. ನನಗೆ ಇದು ಇಷ್ಟ ಇಲ್ಲ” ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಆಮೇಲೆ, “ಆದ್ರೂ ಓಣಿ ಇರಲಿ” ಎಂದೆ.

ಅವಳು ಎರಡನ್ನೂ ಬರೆದುಕೊಂಡಳು.

ಹೊಸ ನಕ್ಷೆ ಬೇಸಿಗೆಯ ಕೊನೆಗೆ ಬಂತು. ಓಣಿ ಉಳಿದಿತ್ತು, ಮೊದಲಿಗಿಂತ ಅಗಲವಾಗಿಯೂ ಇತ್ತು. ನಮ್ಮ ಬೇಲಿಗೆ ಹತ್ತಿರದ ಮನೆಯನ್ನು ಒಂದೇ ಅಂತಸ್ತಿಗೆ ಇಳಿಸಿ, ಮೆಟ್ಟಿಲು ಹತ್ತಲಾಗದವರಿಗೆ ಮೀಸಲಿಟ್ಟಿದ್ದರು. ನನ್ನ ಬಿಸಿಲು ಅರ್ಧ ಹೋಯಿತು, ಅರ್ಧ ಉಳಿಯಿತು. ಹತ್ತು ಮನೆ ಇದ್ದದ್ದು ಒಂಬತ್ತಾಯಿತು. ಒಂದು ಕುಟುಂಬಕ್ಕೆ ಮನೆ ತಪ್ಪಿತಲ್ಲ ಎಂದು ಕ್ಲೇರ್ ಬೇಸರಪಟ್ಟಳು, ಅದೂ ನಿಜವೇ. ಮಗಳು ನಕ್ಷೆಯ ಜೊತೆ ಬಂದ ವರದಿಯನ್ನು ಓದಿ ಹೇಳಿದಳು. ಹಿಂದಿನ ಮನೆಯ ಹೆಂಗಸಿಗೆ ಇದರಿಂದ ಬೆಳಕು ಕಡಿಮೆಯಾಗುತ್ತದೆ, ಅವರಿಗೆ ಇದು ಇಷ್ಟವಿಲ್ಲ, ಆದರೂ ನೆರೆಯವರ ದಾರಿ ಉಳಿಯಲಿ ಎನ್ನುತ್ತಾರೆ ಎಂದು ಅದರಲ್ಲಿ ಬರೆದಿತ್ತು. ಮಗಳು ಆ ಸಾಲನ್ನು ನಾನು ಕೇಳದೆಯೇ ಎರಡು ಸಲ ಓದಿದಳು.

ಈಗ ಮನೆಗಳು ಎದ್ದು ನಿಂತಿವೆ, ಜನ ಬಂದಿದ್ದಾರೆ. ಕಟ್ಟಡದ ಕೆಲಸ ನಡೆಯುವಾಗಲೂ ಓಣಿ ಒಂದು ದಿನವೂ ಮುಚ್ಚಲಿಲ್ಲ. ಡೋರೀನ್‌ರ ಹತ್ತಿರ ಹೋಗಿ ಆ ಚುಕ್ಕಿ ನನ್ನದೇ ಎಂದು ನಾನು ಲೈಬ್ರರಿಯಿಂದ ಬಂದ ಸಂಜೆಯೇ ಒಪ್ಪಿಕೊಂಡಿದ್ದೆ. ಅವರು ಅವತ್ತು ನಕ್ಕೂ ಇರಲಿಲ್ಲ, ಬೈದೂ ಇರಲಿಲ್ಲ. “ಹೇಳಿದ್ದು ಒಳ್ಳೇದಾಯ್ತು” ಎಂದು ಬಾಗಿಲು ಹಾಕಿಕೊಂಡಿದ್ದರು. ಅದು ನನ್ನನ್ನು ಬಹಳ ದಿನ ಕೊರೆದಿತ್ತು.

ಕಳೆದ ಡಿಸೆಂಬರಿನಲ್ಲಿ ಅವರು ಒಂದು ಮಧ್ಯಾಹ್ನ ಸ್ಕೂಟರ್ ನಿಲ್ಲಿಸಿ ಕಿಟಕಿ ತಟ್ಟಿದರು. ತೊಡೆಯ ಮೇಲೆ ಡಬ್ಬಿ. ಪ್ರತಿವರ್ಷ ಕ್ರಿಸ್‌ಮಸ್‌ಗೆ ತಾವೇ ಮಾಡಿದ ಹಣ್ಣಿನ ಕೇಕ್ ಕೊಡುವುದು ಅವರ ಪದ್ಧತಿ, ತುಂಬಾ ಚೆನ್ನಾಗಿತ್ತು ಎನ್ನುವುದು ನನ್ನ ಪದ್ಧತಿ. ಈ ಸಲ ಡಬ್ಬಿ ಕೊಡದೆ ಕೈಯಲ್ಲೇ ಹಿಡಿದುಕೊಂಡರು.

“ನನ್ನ ಕೇಕ್ ಹೇಗಿರುತ್ತೆ? ನಿಜ ಹೇಳು.”

ಕ್ಷಣ ಹೊತ್ತು ಹಳೆಯ ಮಾತೇ ನಾಲಿಗೆಗೆ ಬಂತು. ನುಂಗಿಕೊಂಡೆ. “ಒಣಗಿರುತ್ತೆ ಡೋರೀನ್. ನೀರು ಕುಡೀದೆ ಇಳಿಯಲ್ಲ” ಎಂದೆ.

ಅವರು ಸ್ಕೂಟರ್ ಅಲುಗಾಡುವಷ್ಟು ನಕ್ಕರು. ಆಮೇಲೆ ಕಣ್ಣು ಒರೆಸಿಕೊಂಡು, “ನನ್ನ ಗಂಡ ನಲವತ್ತು ವರ್ಷ ಸುಳ್ಳು ಹೇಳಿದ. ಬಾ, ಈ ಸಲ ಜೊತೇಲಿ ಮಾಡೋಣ. ನೀನು ಹೇಳಿದ್ರೆ ಇನ್ನು ನಂಬ್ತೀನಿ” ಎಂದರು.

ಹದಿನೇಳು ವರ್ಷದಲ್ಲಿ ಈ ಬೀದಿಯಲ್ಲಿ ಯಾರೂ ನನಗೆ ಅದಕ್ಕಿಂತ ದೊಡ್ಡ ಮಾತು ಹೇಳಿಲ್ಲ.