ದವಾಖಾನಿ ಗ್ರೂಪಿನಾಗ ಗುಡ್ ಮಾರ್ನಿಂಗ್

ನಾ ಮಿರಜದಾಗ ರಿಕ್ಷಾ ಹೊಡೀತೇನಿ. ಮನ್ಯಾಗ ಕನ್ನಡ, ಓಣ್ಯಾಗ ಮರಾಠಿ. ಇಲ್ಲಿ ದವಾಖಾನಿಗೆ ಅಥಣಿ ಕಡಿಂದ, ರಾಯಬಾಗ ಕಡಿಂದ ದಿನಾ ಮಂದಿ ಬರ್ತಾರ. ಎಷ್ಟೋ ಮಂದಿಗೆ ಮರಾಠಿ ಬರೂದಿಲ್ಲ, ಡಾಕ್ಟರಿಗೆ ಕನ್ನಡ ಬರೂದಿಲ್ಲ. ಅದಕ್ಕ ನಮ್ಮ ಮಂದಿ ಒಂದ ವಾಟ್ಸಾಪ್ ಗ್ರೂಪ್ ಮಾಡಿದ್ರು. ಇಂಥಾ ದವಾಖಾನಿ, ಇಂಥಾ ವಾರ್ಡು, ಮಾತಾಡಾಕ ಯಾರರೆ ಬರ್ರಿ ಅಂತ ಮೆಸೇಜ್ ಬೀಳ್ತಿತ್ತು. ಹತ್ರ ಇದ್ದಂವ "ಹೊಂಟೆ" ಅಂತ ಬರದು ಹೋಗ್ತಿದ್ದ. ಮುಗೀತು. ಉಳಿದ ದಿನ ಗ್ರೂಪ್ ಸುಮ್ಮನ ಇರ್ತಿತ್ತು. ಫೋನ್ ಟಿಣ್ ಅಂದ್ರ ಯಾರೋ ಕಾಯಾಕತ್ತಾರ ಅಂತ ತಿಳೀತಿತ್ತು.

ಆಮ್ಯಾಗ ಸಾಂಗ್ಲಿ ಪ್ಯಾಟ್ಯಾಗ ಅರಿವಿ ಅಂಗಡಿ ಇಟ್ಟ ಒಬ್ಬ ಕಾಕಾ ಅಡ್ಮಿನ್ ಆದ್ರು. "ಏನೋ ಇದು, ಸತ್ತ ಬಿದ್ದೈತಲ್ಲೋ ಗ್ರೂಪು!" ಅಂದ್ರು. ಎಬ್ಬಸಾಕ ನಿಂತ್ರು. ಎಲ್ಲಾರೂ ದಿನಾ ಏನರೆ ಹಾಕಬೇಕಂತ. ಮುಂಜಾನೆ ಗುಲಾಬಿ ಹೂ, ಮಧ್ಯಾಹ್ನ ಒಗಟು, ಸಂಜಿಕ ಯಾರದರೆ ಹುಟ್ಟಿದ ದಿನ. ಭಾಳ ಹಾಕಿದವರ ಫೋಟೋದ ಸುತ್ತ ಬಂಗಾರ ಬಣ್ಣದ ಚೌಕಟ್ಟು, ಕೆಳಗ 'ವಾರದ ತಾರೆ'. ಬುಧಗಾಂವದ ಒಬ್ಬಂವ ಒಂದಿನಾನೂ ದವಾಖಾನಿ ಮೆಟ್ಟಲಾ ಹತ್ತಿಲ್ಲ. ಅಂವ ಸಾಲಾಗಿ ತಾರೆ ಆದ. ಹೂ ಕಳಸೂದ್ರಾಗ ಹುಲಿ.

ನಾ ಏನೂ ಹಾಕಲಿಲ್ಲ. ಕಾಕಾ ಫೋನ್ ಮಾಡಿದ್ರು.

"ಏನಪಾ, ನೀ ಭಾಗಾನ ತಗೋಳವಲ್ಲಿ?"

"ಕರದ್ರ ಹೋಗ್ತೇನಲ್ರಿ ಕಾಕಾ. ಮತ್ತೇನ ಬೇಕ್ರಿ?"

"ಹಂಗಲ್ಲೋ, ಗ್ರೂಪಿನಾಗ ಜೀವಾ ಇರಬೇಕು."

ಜೀವಾ ಅಂತ! ಅವತ್ತ ಆ ಗ್ರೂಪಿನ ಸಪ್ಪಳ ಬಂದ್ ಮಾಡಿದೆ. ದವಾಖಾನಿಗೆ ಹೋಗೂ ಮಂದಿ ಎಲ್ಲಾರೂ ಅದನ್ನ ಮಾಡಿದ್ರು.

ಒಂದಿನ ಮಧ್ಯಾಹ್ನ ಮಾಲಗಾಂವದ ಪ್ಯಾಸೆಂಜರ್ ಒಬ್ಬರ್ನ ಬಿಡಾಕ ದವಾಖಾನಿಗೆ ಹೋಗಿದ್ದೆ. ವಾರ್ಡಿನಾಗ ಕೆಲಸಾ ಮಾಡೂ ಮಾವಶಿ ಗೇಟಿನಾಗ ಸಿಕ್ಕಳು. ಮರಾಠಿ ಮಾವಶಿ, ಆದ್ರ ಕನ್ನಡ ಮಂದಿ ಸಿಕ್ಕೊಂಡ್ರ ಗ್ರೂಪಿಗೆ ಹಾಕಾಕಿ ಆಕಿನ. ನನ್ನ ಕಂಡವಳ ಚಾಲೂ ಮಾಡಿದ್ಲು: "ಸಕಾಳೀ ಟಾಕ್ಲಂಯ್ ರೇ, ಕುಣೀ ಆಲಂ ನಾಹೀ!" ಮುಂಜಾನೆ ಹಾಕೇನಿ, ಒಬ್ಬನೂ ಬರಲಿಲ್ಲ ಅಂತ. ಫೋನ್ ತಗದ ನೋಡಿದೆ. ಅವತ್ತ ಕಾಕಾಂದ ಹುಟ್ಟಿದ ದಿನ. ಕೇಕು, ಹೂ, ಪಟಾಕಿ, ತಳ್ಳಿ ತಳ್ಳಿ ಬೆರಳ ನೋಯ್ತು. ಅದೆಲ್ಲಾದರ ನಡುವ ಮಾವಶಿ ಬರದ ಒಂದ ಸಾಲು.

ಒಳಗ ಒಬ್ಬಾಕಿ ಮುದುಕಿ ಗಂಡನ ಮಂಚ ಹಿಡಕೊಂಡ ಕುಂತಿದ್ಲು. ಮುದುಕಗ ಸಕ್ಕರಿ ಬ್ಯಾನಿ, ಕಾಲಿನ ಹೆಬ್ಬೆರಳ ಕರ್ರಗಾಗಿತ್ತು. ಡಾಕ್ಟರು ಕಾಲ ತೋರಿಸಿ ಮರಾಠ್ಯಾಗ ಏನೋ ಹೇಳ್ಯಾರ, ಈಕಿ ಪೂರಾ ಕಾಲ ಕಡೀತಾರ ಅಂತ ತಿಳದಾಳ. ಮಗ ಊರಿಂದ ಬರೂತನಕ ಮುಟ್ಟಗೊಡೂದಿಲ್ಲ ಅಂತ ಹಟಾ. ಡಾಕ್ಟರು ನನಗ ಹೇಳಿದ್ರು, ಇವತ್ತ ಬೆರಳ ತಗೀಲಿಲ್ಲಂದ್ರ ನಂಜು ಮ್ಯಾಲೆ ಏರತೈತಿ, ಆಗ ಕಾಲ ಹೋಗತೈತಿ.

"ಆಯಿ, ಬರೇ ಹೆಬ್ಬೆರಳ ತಗೀತಾರ. ಕಾಲ ಉಳಸಾಕನ ತಗೀತಾರ."

"ಬರೇ ಬೆರಳ?" ಅಂದ್ಲು. ಮಂಚ ಬಿಟ್ಲು. "ಮತ್ತ ಇಷ್ಟ ಹೇಳಾಕ ಮುಂಜಾನಿಂದ ಒಬ್ಬರೂ ಇರಲಿಲ್ಲೇನೋ ನಿಮ್ಮ ಊರಾಗ?"

ಹೂ ಕಳಸಾಕತ್ತಿದ್ರು ಅಂತ ಹೇಳ್ಲ್ಯಾ?

ಮುದುಕನ್ನ ಒಳಗ ಒಯ್ದ್ರು. ಬೆರಳ ಹೋತು, ಕಾಲ ಉಳೀತು.

ಸಂಜಿಕ ಸೀದಾ ಸಾಂಗ್ಲಿಗೆ ಹೋದೆ. ಕಾಕಾ ಸೀರಿ ಮಡಚಾಕತ್ತಿದ್ರು. ಎಲ್ಲಾ ಹೇಳಿದೆ. "ಛೇ ಛೇ ಛೇ" ಅಂದ್ರು. ಆಮ್ಯಾಗ ಮಾರಿ ಅರಳ್ತು. "ಇದನ್ನ ಬರದ ಹಾಕೋ ಗ್ರೂಪಿಗೆ! ಮುದುಕಿ ಜೋಡಿ ಒಂದ ಫೋಟೋನೂ ಹಾಕು. ಈ ವಾರದ ತಾರೆ ನೀನ!"

"ಆ ತಾರೆ ನಿಮ್ಮ ಅಂಗಡಿ ಬಾಗಲಿಗೆ ಕಟ್ಟಕೋರ್ರಿ ಕಾಕಾ" ಅಂದೆ. ಅವರ ಮುಂದನ ಗ್ರೂಪ್ ಬಿಟ್ಟೆ.

ಮಾವಶಿಗೆ ನನ್ನ ನಂಬರ್ ಕೊಟ್ಟೇನಿ. ಈಗ ಆಕಿ ಸೀದಾ ಫೋನ್ ಮಾಡಿ ಬೈತಾಳ, ನಾ ಹೋಗ್ತೇನಿ. ನಾ ಬಿಟ್ಟಿದ್ದಕ್ಕ ಅಲ್ಲೆ ಭಾಳ ಮಂದಿ ಅಳೂ ಮಾರಿ ಚಿತ್ರಾ ಹಾಕಿದ್ರಂತ. ಕಾಕಾಗ ಖುಷಿ ಆಗಿರಬೇಕು, ಅಷ್ಟ ಮಂದಿ ಭಾಗ ತಗೊಂಡ್ರಲ್ಲ.