ಮಸಿ ಹಿಡಿಯದ ಹೊಗೆಕೊಳವೆ

ರಾಜಾನುಕುಂಟೆ. ಸರ್ಕಾರ ಇಲ್ಲಿನ ಮನೆಗಳಲ್ಲಿ ಕಟ್ಟಿಸಿಕೊಟ್ಟ ಹೊಗೆರಹಿತ ಒಲೆಗಳಿಂದ ಉಪಯೋಗವಾಗಿದೆಯೇ ಎಂದು ನೋಡಿ ವರದಿ ಕೊಡುವುದು ನನ್ನ ಕೆಲಸ. ಯಲಹಂಕದಿಂದ ಜೊತೆಗೆ ಬಂದ ಬ್ಲಾಕ್ ಅಧಿಕಾರಿ ಜೀಪಿನಿಂದ ಇಳಿದವರೇ ಪಟೇಲರ ಮನೆಯತ್ತ ಕೈ ತೋರಿಸಿದರು.

"ಇದೊಂದ್ ನೋಡಿದ್ರೆ ಸಾಕು ಮೇಡಂ, ಊರೆಲ್ಲಾ ಹಿಂಗೇ."

"ಹಾಗಾದ್ರೆ ಯಾವ ಮನೆ ನೋಡಿದ್ರೂ ಒಂದೇ," ಎಂದು ನಾನು ಕೊನೆಯ ಬೀದಿಗೆ ನಡೆದೆ.

ಅಲ್ಲಿ ಮುನಿಯಮ್ಮ ಎಂಬಾಕೆ ಹಿತ್ತಲಲ್ಲಿ ಮೂರು ಕಲ್ಲಿಟ್ಟು ಮುದ್ದೆಗೆ ಎಸರಿಟ್ಟಿದ್ದಳು. ಒಳಗೆ ಸರ್ಕಾರದ ಒಲೆ ಚೆಂದವಾಗಿಯೇ ಇತ್ತು. ಅದರ ಹೊಗೆಕೊಳವೆಯೊಳಗೆ ಬೆರಳಾಡಿಸಿದೆ. ಚೂರೂ ಮಸಿ ಹತ್ತಲಿಲ್ಲ.

"ನಮ್ ಮಡಕೆ ಅದ್ರ ಮೇಲೆ ಕೂರಾಕಿಲ್ಲ ಕಣವ್ವ. ಕಟ್ಟೋವಾಗ್ಲೇ ಯೇಳ್ದೆ, ಯಾರೂ ಕೇಳ್ಲಿಲ್ಲ," ಎಂದಳು.

"ಒಲೆ ಕಟ್ಟಿದೀವಿ ಅಂತ ಬರೀರಿ, ಅಷ್ಟೇ ಸಾಕು," ಎಂದು ಅಧಿಕಾರಿ ಸಿಡುಕಿದರು.

"ಕಟ್ಟಿದ್ದು ನಿಮಗೇ ಗೊತ್ತಿದೆ. ಅದರಲ್ಲಿ ಅಡುಗೆ ಆಗುತ್ತಾ ಅಂತ ನೋಡೋಕೆ ನಾನು ಬಂದಿರೋದು."

ಅವರು ಮುನಿಯಮ್ಮನ ಕಡೆ ತಿರುಗಿದರು. "ನಿನ್ ಹೆಸರೂ ಮೇಲಕ್ಕೆ ಹೋಗುತ್ತೆ, ಜೋಕೆ."

ವರದಿಯಲ್ಲಿ ಯಾರ ಹೆಸರೂ ಇರುವುದಿಲ್ಲವೆಂದು ನಾನು ಹೇಳುವಷ್ಟರಲ್ಲಿ ಆಕೆ ಮುದ್ದೆಕೋಲು ಹಿಡಿದೇ ಎದ್ದು ನಿಂತಳು.

"ಓಗ್ಲಿ ಬುಡಿ ಸ್ವಾಮಿ. ಮುನಿಯಮ್ಮ ಅಂತ್ಲೇ ಬರ್ಕೊಳ್ಳವ್ವ. ಒಲೆ ಮುಂದೆ ಕೂರೋಳು ನಾನು."

ಬೇಲಿಯಾಚೆಯಿಂದ ಪಕ್ಕದ ಮನೆಯ ಹೆಂಗಸು ಕೂಗಿದಳು: "ನಮ್ಮನೇಗೂ ಬರ್ರವ್ವಾ, ನಮ್ದೂ ನೋಡಿ!"

ಅಧಿಕಾರಿ ಜೀಪಿನತ್ತ ಹೊರಟರು. ನಾನು ಬೇಲಿ ದಾಟಿದೆ.